ಕೊನೆಕೊಯ್ಲಿಗೆ ಮುಂಚೆ ಪ್ಯಾನಲ್ ಬಾಗಿಲು ತೆಗೆಸಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಕ್ಕಿ ಗಿರಣಿ, ಅಡಿಕೆ ಸಂಸ್ಕರಣೆ, ಉಪ್ಪಿನಕಾಯಿ ಪ್ಯಾಕಿಂಗ್, ಹಾಳೆತಟ್ಟೆ, ಬಾಟಲಿ ನೀರಿನ ಘಟಕ ನಡೆಸುತ್ತಿರುವ ಎಲ್ಲ ಮಾಲೀಕರಿಗೆ,



ಮಳೆ ಹಿಂದಾಗುವ ಹೊತ್ತಿಗೆ ನಿಮ್ಮಲ್ಲಿ ಹಲವರಿಗೆ ಒಂದು ಫೋನು ಬರುತ್ತದೆ. ಯಂತ್ರ ಕೊಟ್ಟವರ ಕಡೆಯ ಹುಡುಗ ಮಾತಾಡುತ್ತಾನೆ. "ಸರ್, ನಿಮ್ಮ ಪಿಎಲ್‌ಸಿ ಫರ್ಮ್‌ವೇರ್ ಹಳೇ ವರ್ಷನ್ ಇದೆ. ಸೀಸನ್ನಿಗೆ ಮುಂಚೆ ಅಪ್‌ಡೇಟ್ ಮಾಡಿಸ್ಕೊಂಬಿಡಿ. ವಿಸಿಟ್ ಚಾರ್ಜ್ ಬೇರೆ." ಇದಕ್ಕೆ ನಿಮ್ಮಿಂದ ಎರಡೇ ತರದ ಉತ್ತರ ಹೋಗುವುದನ್ನು ನೋಡಿದ್ದೇನೆ. ಕೆಲವರು ಅಡಿಕೆ ರೇಟಿನ ಧ್ಯಾನದಲ್ಲೇ "ಆಯ್ತಪ್ಪ, ಬಂದು ಮಾಡಿ ಹೋಗು" ಅನ್ನುತ್ತೀರಿ. ಹೆಚ್ಚಿನವರು "ಓಡ್ತಾ ಇರೋ ಮಿಷನ್ನಿಗೆ ಕೈ ಹಾಕೋದು ಬೇಡ ಮಾರಾಯ್ರೇ" ಎಂದು ಫೋನು ಇಡುತ್ತೀರಿ.

ಈ ಮೂರು ತಾಲ್ಲೂಕುಗಳಲ್ಲಿ ಪ್ಯಾನಲ್ ಬೋರ್ಡ್ ಬಿಚ್ಚಿ ಕಟ್ಟುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಹೇಳುತ್ತೇನೆ: ಎರಡು ಉತ್ತರಗಳಲ್ಲೂ ಅರ್ಧ ಸತ್ಯವಿದೆ, ಆದರೆ ಎರಡೂ ಕಡೆಯವರು ಕೇಳಲೇಬೇಕಾದ ಪ್ರಶ್ನೆಯೊಂದನ್ನು ಕೇಳುತ್ತಿಲ್ಲ. ನಿಮ್ಮ ಪಿಎಲ್‌ಸಿಯೊಳಗೆ, ಅಂದರೆ ಪ್ಯಾನಲ್ಲಿನಲ್ಲಿದ್ದು ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಿನೊಳಗೆ, ಕೂತಿರುವ ಪ್ರೋಗ್ರಾಂನ ಪ್ರತಿ ಯಾರ ಹತ್ತಿರ ಇದೆ? ನಿಮ್ಮ ಕಪಾಟಿನಲ್ಲೋ, ಕೊಯಮತ್ತೂರಿನ ಯಾವುದೋ ಲ್ಯಾಪ್‌ಟಾಪಿನಲ್ಲೋ, ಕೆಲಸ ಬಿಟ್ಟು ದುಬೈಗೆ ಹೋದ ಎಂಜಿನಿಯರನ ಪೆನ್‌ಡ್ರೈವಿನಲ್ಲೋ? ಇದಕ್ಕೆ ಉತ್ತರ ಸಿಗುವ ತನಕ ಫರ್ಮ್‌ವೇರಿನ ಮಾತೇ ಬೇಡ.

ಫರ್ಮ್‌ವೇರ್ ಬೇರೆ, ಪ್ರೋಗ್ರಾಂ ಬೇರೆ. ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರಿದ್ದಾರೆ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಮದುವೆ ಮನೆಗೆ ಬರುವ ಅಡುಗೆ ಭಟ್ಟರಿಗೆ ನಾವು ಒಂದು ಪಟ್ಟಿ ಕೊಡುತ್ತೇವೆ: ಇಷ್ಟು ಜನ, ಇಂತಿಂಥ ಅಡುಗೆ, ಇಷ್ಟು ಹೊತ್ತಿಗೆ ಎಲೆ ಹಾಕಬೇಕು. ಪಟ್ಟಿ ನಮ್ಮದು, ಮನೆಯಿಂದ ಮನೆಗೆ ಬೇರೆ. ಒಲೆ ಹೊತ್ತಿಸುವುದು, ಹದ ನೋಡುವುದು ಭಟ್ಟರ ಕೈಯಲ್ಲೇ ಇರುವ ವಿದ್ಯೆ. ಪಿಎಲ್‌ಸಿಯಲ್ಲಿ ಪಟ್ಟಿಯ ಜಾಗದಲ್ಲಿರುವುದು ಪ್ರೋಗ್ರಾಂ. ಡ್ರೈಯರ್ ಇಷ್ಟು ಡಿಗ್ರಿ ದಾಟಿದರೆ ಬ್ಲೋವರ್ ಶುರುವಾಗಲಿ, ಹಾಪರ್ ಖಾಲಿಯಾದರೆ ಎಲಿವೇಟರ್ ನಿಲ್ಲಲಿ ಎಂದು ನಿಮ್ಮ ಗಿರಣಿಗಾಗಿಯೇ ಯಾರೋ ಬರೆದ ಲ್ಯಾಡರ್ ಅದು. ಆ ಲ್ಯಾಡರನ್ನು ಓದಿ ನಡೆಸುವ, ತಯಾರಕರು ಕಾರ್ಖಾನೆಯಲ್ಲೇ ತುಂಬಿ ಕಳಿಸಿದ ತಂತ್ರಾಂಶ ಫರ್ಮ್‌ವೇರ್. ತಯಾರಕರ ತಾಣಕ್ಕೆ ಹೋದರೆ ಫರ್ಮ್‌ವೇರ್ ಮತ್ತೆ ಸಿಗುತ್ತದೆ. ನಿಮ್ಮ ಪ್ರೋಗ್ರಾಂ ಪ್ರಪಂಚದಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಫರ್ಮ್‌ವೇರ್ ಬದಲಿಸಿದರೆ ಪ್ರೋಗ್ರಾಂ ಉಳಿಯುತ್ತದೆಯೇ? ಕಂಪನಿಯಿಂದ ಕಂಪನಿಗೆ ಬೇರೆ. ಸೀಮೆನ್ಸ್ ಎಸ್7-1200ರಲ್ಲಿ ಮೆಮೊರಿ ಕಾರ್ಡಿನ ಮೂಲಕ ಫರ್ಮ್‌ವೇರ್ ಹಾಕಿದರೆ ಪ್ರೋಗ್ರಾಂ ಹಾಗೇ ಇರುತ್ತದೆ. ಅಲೆನ್ ಬ್ರಾಡ್ಲಿಯ ಕಾಂಪ್ಯಾಕ್ಟ್‌ಲಾಜಿಕ್ಸ್ ತರದವುಗಳಲ್ಲಿ ಅಳಿಸಿಹೋಗುತ್ತದೆ, ಲ್ಯಾಪ್‌ಟಾಪಿನಿಂದ ಮತ್ತೆ ಇಳಿಸಬೇಕು. ಮೂಲ ಫೈಲ್ ಇಲ್ಲದವರಿಗೆ ಆ ಹೊತ್ತಿನಲ್ಲಿ ಉಳಿಯುವುದು ಖಾಲಿ ಡಬ್ಬಿ. ಇನ್ನು ಮಿತ್ಸುಬಿಷಿಯ ಹಳೆಯ ಎಫ್‌ಎಕ್ಸ್2ಎನ್ ನಿಮ್ಮಲ್ಲಿದ್ದರೆ, ಅದರ ಫರ್ಮ್‌ವೇರನ್ನು ಸ್ಥಳದಲ್ಲಿ ಬದಲಿಸುವ ಸೌಲಭ್ಯವೇ ಇಲ್ಲ. "ಅಪ್‌ಡೇಟ್ ಮಾಡಿದೆ" ಎಂದು ಅದಕ್ಕೆ ಯಾರಾದರೂ ಬಿಲ್ ಕೊಟ್ಟರೆ ಏನು ಮಾಡಿದಿರಿ ಎಂದು ವಿನಯದಿಂದ ಕೇಳಿ. ಇದೇ ಎಫ್‌ಎಕ್ಸ್2ಎನ್ ಮತ್ತು ಎಫ್‌ಎಕ್ಸ್3ಯು ಮಾದರಿಗಳಲ್ಲಿ ಪ್ರೋಗ್ರಾಂ ನಿಂತಿರುವುದು ಒಳಗಿನ ಸಣ್ಣ ಬ್ಯಾಟರಿಯ ಮೇಲೆ. ಮುಖದ ಮೇಲೆ 'ಬ್ಯಾಟ್' ಎಂಬ ಕೆಂಪು ದೀಪ ಹತ್ತಿದರೆ ಬ್ಯಾಟರಿಯ ಆಯುಷ್ಯ ಮುಗಿಯುತ್ತ ಬಂತೆಂದು ಅರ್ಥ. ಆ ದೀಪ ಹತ್ತಿದ್ದೂ ಅದರ ಮೇಲೆ ಇನ್ಸುಲೇಶನ್ ಟೇಪು ಅಂಟಿಸಿದ ಪ್ಯಾನಲ್ ಕಂಡಿದ್ದೇನೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತಂತೆ! ಅಂಥ ಯಂತ್ರ ಜುಲೈನಲ್ಲಿ ಮೇನ್ ಆಫ್ ಆಗಿ ಅಕ್ಟೋಬರ್ ತನಕ ಸುಮ್ಮನೆ ಕೂತರೆ, ಅಡಿಕೆಯ ಕೊನೆಕೊಯ್ಲು ಶುರುವಾಗುವ ದಿನ ಅದರ ತಲೆಯಲ್ಲಿ ಏನೂ ಇರುವುದಿಲ್ಲ. ಅಲ್ಲಿ ಆಗಬೇಕಾದ ಕೆಲಸ ಬ್ಯಾಟರಿ ಬದಲಿ. ಫರ್ಮ್‌ವೇರ್ ಅಲ್ಲ.

ಪ್ರೋಗ್ರಾಂ ನಿಮ್ಮ ಕೈಯಲ್ಲಿ ಏಕಿಲ್ಲ ಎಂದರೆ, ನೀವು ಕೇಳಲಿಲ್ಲ, ಅವರು ಕೊಡಲಿಲ್ಲ. ಪ್ಯಾಕಿಂಗ್ ಯಂತ್ರ ಕೊಳ್ಳುವಾಗ ನಿಮಿಷಕ್ಕೆ ಎಷ್ಟು ಪೌಚು, ಎಷ್ಟು ಎಚ್‌ಪಿ ಮೋಟಾರು, ಜಿಎಸ್‌ಟಿ ಎಷ್ಟು ಎಂದೆಲ್ಲ ಚೌಕಾಸಿ ಮಾಡುತ್ತೇವೆ. ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತುಂಬುವ ಘಟಕವೊಂದಕ್ಕೆ ಹೋಗಿದ್ದೆ. ಸಿಡಿಲಿಗೆ ಪಿಎಲ್‌ಸಿಯ ಸಿಪಿಯು ಸುಟ್ಟಿತ್ತು. ಅದೇ ಮಾದರಿಯ ಹೊಸ ಸಿಪಿಯು ಶಿವಮೊಗ್ಗಕ್ಕೆ ತರಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಅದರೊಳಗೆ ತುಂಬಲು ಪ್ರೋಗ್ರಾಂ ಬೇಕಲ್ಲ? ಯಂತ್ರ ಮಾಡಿದವರು ಅಂಗಡಿ ಮುಚ್ಚಿ ಆಗಿತ್ತು. ಮಾಲೀಕರು ಕೊನೆಗೆ ಹೊಸದಾಗಿ ಬರೆಸಿದರು. ಸೀಲಿಂಗ್ ಎಷ್ಟು ಡಿಗ್ರಿ, ಫಿಲ್ಮ್ ಎಷ್ಟು ಮಿಲಿಸೆಕೆಂಡು ಎಳೆಯಬೇಕು, ಕಟರ್ ಯಾವಾಗ ಬೀಳಬೇಕು ಎಂಬುದನ್ನೆಲ್ಲ ಪೌಚು ಹರಿದು ಎಣ್ಣೆ ಚೆಲ್ಲಿ ಚೆಲ್ಲಿ ಮತ್ತೆ ಕಂಡುಹಿಡಿಯಬೇಕಾಯಿತು. ಮಿಡಿ ಮಾತ್ರ ಯಾರಿಗೂ ಕಾಯುವುದಿಲ್ಲ, ನಿಮಗೇ ಗೊತ್ತು.

"ಪಾಸ್‌ವರ್ಡ್ ಒಡೆಯೋ ಸಾಫ್ಟ್‌ವೇರ್ ಸಿಗುತ್ತಂತಲ್ಲ?" ಎಂದು ನಿಮ್ಮಲ್ಲೇ ಒಬ್ಬರು ಕೇಳಿದ್ದರು. ಸಿಗುತ್ತದೆ. 2022ರಲ್ಲಿ ಡ್ರಾಗೋಸ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಅಂಥದ್ದೊಂದನ್ನು ಬಿಚ್ಚಿ ನೋಡಿತು. ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ಕೊಟ್ಟು ಹತ್ತಾರು ಕಂಪನಿಗಳ ಪಿಎಲ್‌ಸಿಗಳಿಗೆಂದು ಮಾರುತ್ತಿದ್ದ ಉಪಕರಣಗಳಲ್ಲಿ ಅದೂ ಒಂದು. ಆಟೊಮೇಷನ್ ಡೈರೆಕ್ಟ್ ಕಂಪನಿಯ ಪಿಎಲ್‌ಸಿಯ ಪಾಸ್‌ವರ್ಡನ್ನು ಅದು ನಿಜವಾಗಿಯೂ ಕೊಡುತ್ತಿತ್ತು. ಜೊತೆಗೆ ಸ್ಯಾಲಿಟಿ ಎಂಬ ವೈರಸ್ಸನ್ನೂ ಲ್ಯಾಪ್‌ಟಾಪಿಗೆ ಬಿಟ್ಟು ಹೋಗುತ್ತಿತ್ತು. ಪಾಸ್‌ವರ್ಡ್ ಹೊರಬೀಳುತ್ತಿದ್ದದ್ದು ಆ ಪಿಎಲ್‌ಸಿಯ ಫರ್ಮ್‌ವೇರಿನಲ್ಲಿದ್ದ ದೋಷದಿಂದ. ಕಂಪನಿ ಮುಂದೆ ಹೊಸ ಫರ್ಮ್‌ವೇರ್ ಕೊಟ್ಟು ಅದನ್ನು ಮುಚ್ಚಿತು. ನೋಡಿ, ಒಂದೇ ಕಥೆಯಲ್ಲಿ ಅಪ್‌ಡೇಟ್ ಏಕೆ ಬೇಕು ಎಂಬುದೂ ಇದೆ, ಪಾಸ್‌ವರ್ಡನ್ನು ಖರೀದಿಯ ದಿನವೇ ಏಕೆ ಕೇಳಿ ಪಡೆಯಬೇಕು ಎಂಬುದೂ ಇದೆ.

ಹಾಗಾದರೆ ಅಪ್‌ಡೇಟ್ ಯಾವಾಗ ಮಾಡಿಸಬೇಕು? ನನ್ನ ಮಟ್ಟಿಗೆ ಗಟ್ಟಿ ಕಾರಣಗಳು ಹೆಚ್ಚಿಲ್ಲ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿಗೆ ಸಿಪಿಯು ಹೋಗುತ್ತದೆ, ಹೊಸದು ತರುತ್ತೀರಿ. ಹೊಸ ಸಿಪಿಯುವಿನ ಫರ್ಮ್‌ವೇರ್ ಆವೃತ್ತಿ ಹಳೆಯದಕ್ಕೆ ಹೊಂದಬೇಕು. ಸೀಮೆನ್ಸಿನಲ್ಲಿ 4.5ನೇ ಆವೃತ್ತಿಗೆಂದು ಮಾಡಿದ ಪ್ರಾಜೆಕ್ಟ್ 4.2 ಇರುವ ಸಿಪಿಯು ಒಳಗೆ ಇಳಿಯುವುದಿಲ್ಲ. ಅಲೆನ್ ಬ್ರಾಡ್ಲಿ ಇನ್ನೂ ಖಡಕ್ಕು, ಆವೃತ್ತಿ ತಾಳೆಯಾಗದಿದ್ದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಎಲ್ಲವನ್ನೂ ಫರ್ಮ್‌ವೇರಿನಿಂದ ಸರಿಮಾಡಲೂ ಆಗದು. ಎಸ್7-1200ರ 1214ಸಿ ಸಿಪಿಯು ಮೇಲಿನ ಸಂಖ್ಯೆಯಲ್ಲಿ 1ಎಜಿ31 ಎಂದಿದ್ದರೆ ಅದು ಮೂರನೇ ತಲೆಮಾರು, 1ಎಜಿ40 ಎಂದಿದ್ದರೆ ನಾಲ್ಕನೆಯದು. ಮೂರನ್ನು ಫರ್ಮ್‌ವೇರ್ ಹಾಕಿ ನಾಲ್ಕು ಮಾಡಲು ಬರುವುದಿಲ್ಲ, ಡಬ್ಬಿಯನ್ನೇ ಬದಲಿಸಬೇಕು. ಅದಕ್ಕೇ ಹೇಳುವುದು, ಸಿಪಿಯು ಬದುಕಿರುವಾಗಲೇ ಅದರ ಪೂರ್ತಿ ಸಂಖ್ಯೆ ಮತ್ತು ಫರ್ಮ್‌ವೇರ್ ಆವೃತ್ತಿಯನ್ನು ಒಂದು ಹಾಳೆಯಲ್ಲಿ ಬರೆದು ಪ್ಯಾನಲ್ ಬಾಗಿಲ ಒಳಮೈಗೆ ಅಂಟಿಸಿ. ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡರೂ ನಡೆದೀತು. ಆದರೆ ಆ ಫೋಟೊ ರೈಟರ ಮೊಬೈಲಿನಲ್ಲಿದ್ದು, ರೈಟರು ಮಗಳ ಮನೆಗೆ ಹೋಗಿದ್ದಾರೆ ಎಂದಾಗಬಾರದು.

ಇನ್ನೊಂದು ಕಾರಣ ಸುರಕ್ಷತೆ. 2022ರ ಅಕ್ಟೋಬರಿನಲ್ಲಿ ಎಸ್7-1200 ಮತ್ತು ಎಸ್7-1500ರ ಹಳೆಯ ಫರ್ಮ್‌ವೇರಿನಲ್ಲಿ ದೊಡ್ಡ ಲೋಪವೊಂದು ಹೊರಬಿತ್ತು. ಆ ಸಾಲಿನ ಎಲ್ಲ ಸಿಪಿಯುಗಳಿಗೂ ಒಂದೇ ಗುಪ್ತ ಕೀಲಿ ಇಟ್ಟಿದ್ದರು, ಕ್ಲಾರೋಟಿ ಎಂಬ ಸಂಸ್ಥೆಯ ಸಂಶೋಧಕರು ಅದನ್ನು ಹೊರಗೆಳೆದು ತೋರಿಸಿದರು. ಒಂದು ಸಿಪಿಯುವಿನ ಕೀಲಿ ಸಿಕ್ಕರೆ ಅಷ್ಟಕ್ಕೂ ಸಿಕ್ಕಂತೆ. ಸೀಮೆನ್ಸ್ ಹೇಳಿದ ಪರಿಹಾರ 1200ಕ್ಕೆ 4.5, 1500ಕ್ಕೆ 2.9.2 ಅಥವಾ ಅದಕ್ಕಿಂತ ಹೊಸ ಫರ್ಮ್‌ವೇರ್, ಜೊತೆಗೆ ಪ್ರೋಗ್ರಾಂ ಬರೆಯುವ ಅವರ ಸಾಫ್ಟ್‌ವೇರ್ ಟಿಯಾ ಪೋರ್ಟಲ್ 17. ಬರೀ ಫರ್ಮ್‌ವೇರ್ ಹಾಕಿದರೆ ಸಾಲದು, ಪ್ರಾಜೆಕ್ಟನ್ನೂ ಹೊಸ ಆವೃತ್ತಿಗೆ ಏರಿಸಿ ಮತ್ತೆ ಇಳಿಸಬೇಕು. ಫೋನು ಮಾಡಿದ ಹುಡುಗ ಈ ಎರಡನೇ ಭಾಗದ ಮಾತೆತ್ತದಿದ್ದರೆ ಅವನಿಗೆ ಕೆಲಸ ಗೊತ್ತಿಲ್ಲ ಎಂದೇ ಅರ್ಥ.

ಇನ್ನುಳಿದದ್ದು ನಿಮ್ಮ ಯಂತ್ರದಲ್ಲೇ ಕಾಣುತ್ತಿರುವ ತೊಂದರೆ: ಸುಮ್ಮಸುಮ್ಮನೆ ಸ್ಟಾಪ್ ಆಗುವುದು, ಟಚ್ ಸ್ಕ್ರೀನಿನ ಜೊತೆ ಮಾತು ಕಡಿಯುವುದು. ಹೊಸ ಆವೃತ್ತಿಯ ಜೊತೆ ತಯಾರಕರು ಕೊಡುವ ಬದಲಾವಣೆಗಳ ಪಟ್ಟಿಯಲ್ಲಿ ಅದೇ ತೊಂದರೆಯ ಹೆಸರಿದ್ದರೆ ಮಾಡಿಸಿ. ಇಲ್ಲದಿದ್ದರೆ ಮೊದಲು ಅರ್ಥಿಂಗ್ ನೋಡಿಸಿ, ಟರ್ಮಿನಲ್ ಬಿಗಿ ಮಾಡಿಸಿ, 24 ವೋಲ್ಟಿನ ಎಸ್‌ಎಂಪಿಎಸ್ ನೋಡಿಸಿ. ಮಳೆಗಾಲದಲ್ಲಿ ನನಗೆ ಬರುವ ಬಹುಪಾಲು ದೂರುಗಳು ಪಸೆಗೆ ಕಿಲುಬು ಹಿಡಿದ ಟರ್ಮಿನಲ್ಲು, ಕಾಂಟ್ಯಾಕ್ಟರ್ ಒಳಗೆ ಸೇರಿಕೊಂಡ ಇರುವೆ, ಬಸ್‌ಬಾರಿನ ಮೇಲೆ ಸತ್ತ ಹಲ್ಲಿಯಲ್ಲೇ ಮುಗಿದಿವೆ. ಆಗುಂಬೆ, ಹುಲಿಕಲ್ ಮಳೆಯ ಸೀಮೆಯಲ್ಲಿ ಪ್ಯಾನಲ್ ಒಳಗೊಂದು ಸಣ್ಣ ಬಲ್ಬು ಉರಿಸಿಡುವ ಹಳೇ ಉಪಾಯ ಯಾವ ಫರ್ಮ್‌ವೇರಿಗೂ ಕಡಿಮೆಯಿಲ್ಲ.

"ನಮ್ಮ ಗಿರಣಿಗೆ ಯಾವ ಹ್ಯಾಕರ್ ಬರ್ತಾನೆ?" ಎಂಬ ನಗೆಯೂ ಕೇಳಿದ್ದೇನೆ. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್, ಹೊಸಂಗಡಿಯ ನೆಲದಡಿ ತಿರುಗುವ ವಾರಾಹಿಯ 460 ಮೆಗಾವಾಟ್ ಸುತ್ತಮುತ್ತ ಇರುವಾಗ ನಮ್ಮ 30 ಎಚ್‌ಪಿ ಮೋಟಾರನ್ನು ಯಾರು ಕೇಳುತ್ತಾರೆ ಎಂಬುದು ನಿಮ್ಮ ತರ್ಕ. ಆದರೆ ಆ ಸ್ಥಾವರಗಳ ಬೆನ್ನಿಗೆ ಕಾವಲಿದೆ. ವಿದ್ಯುತ್ ಕ್ಷೇತ್ರಕ್ಕೆಂದೇ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಸೈಬರ್ ಭದ್ರತೆಯ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ಗಿರಣಿಗೆ ಅಂಥ ನಿಯಮವೂ ಇಲ್ಲ, ಬಂದು ಕೇಳುವವರೂ ಇಲ್ಲ.

2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಜಿನವರಿಗೆ ಆದದ್ದು ಕೇಳಿ. ಒತ್ತಡ ನೋಡಿಕೊಳ್ಳುವ ಪಂಪ್‌ಹೌಸಿನಲ್ಲಿ ಇಸ್ರೇಲಿನ ಯುನಿಟ್ರಾನಿಕ್ಸ್ ಕಂಪನಿಯ ಪಿಎಲ್‌ಸಿ ಇತ್ತು, ಟಚ್ ಸ್ಕ್ರೀನ್ ಅಂಟಿಕೊಂಡೇ ಬರುವ ಮಾದರಿ. ಅದು ಇಸ್ರೇಲಿನದು ಎಂಬ ಒಂದೇ ಕಾರಣಕ್ಕೆ ಇರಾನಿನ ಪರವಾದ ಗುಂಪೊಂದು ಒಳಗೆ ನುಗ್ಗಿ ಪರದೆಯ ಮೇಲೆ ತನ್ನ ಘೋಷಣೆ ಬರೆದು ಹೋಯಿತು. ಆ ಮಾದರಿಗೆ ಕಂಪನಿ ಇಟ್ಟು ಕಳಿಸುತ್ತಿದ್ದ ಪಾಸ್‌ವರ್ಡ್ 1111. ಇಂಟರ್‌ನೆಟ್ಟಿಗೆ ನೇರ ಕಟ್ಟಿದ್ದರು. ಊರಿನವರು ಪಿಎಲ್‌ಸಿ ಬಂದ್ ಮಾಡಿ ಪಂಪನ್ನು ಕೈಯಿಂದ ನಡೆಸಿದರು, ನೀರು ನಿಲ್ಲಲಿಲ್ಲ. ಊರು ಯಾವುದು, ಯಂತ್ರ ಎಷ್ಟು ದೊಡ್ಡದು ಎಂದು ಆ ಗುಂಪು ನೋಡಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಬಾಗಿಲು ತೆರೆದಿದ್ದ ಯಂತ್ರಗಳನ್ನು ಹುಡುಕಿತ್ತು, ಅಷ್ಟೇ.

ನಿಮ್ಮಲ್ಲಿ ಕೆಲವರ ಪ್ಯಾನಲ್ಲಿನಲ್ಲಿ ಸಿಮ್ ಹಾಕಿದ ಮೋಡೆಮ್ ಕೂತಿದೆ. ಯಂತ್ರ ಕೊಟ್ಟವರು "ದೂರದಿಂದಲೇ ಸರ್ವಿಸ್ ಕೊಡ್ತೀವಿ" ಎಂದು ಇಟ್ಟು ಹೋದದ್ದು. ವಾರಂಟಿ ಮುಗಿದರೂ ಅದರ ಹಸಿರು ದೀಪ ಮಿಣುಕುತ್ತಲೇ ಇದೆ, ಸಿಮ್ಮಿನ ದುಡ್ಡು ಯಾರ ಖಾತೆಯಿಂದ ಹೋಗುತ್ತಿದೆಯೋ ನಿಮಗೂ ಗೊತ್ತಿಲ್ಲ. ಫರ್ಮ್‌ವೇರ್ ಅಪ್‌ಡೇಟಿಗಿಂತ ಮೊದಲು ಆ ಮೋಡೆಮ್ಮಿನ ವೈರ್ ಕೀಳಿ. ಬೇಕಾದ ದಿನ ಚುಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಕೀಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಂಟರ್‌ನೆಟ್ಟೇ ಇಲ್ಲ ಅನ್ನುವವರು ಲ್ಯಾಪ್‌ಟಾಪನ್ನು ನೆನೆಯಿರಿ. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಹಾಳುಗೆಡವಿದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ 2010ರಲ್ಲಿ ಬಯಲಾಯಿತು. ಪೆನ್‌ಡ್ರೈವಿನಿಂದ ಹಬ್ಬಿ, ಸೀಮೆನ್ಸ್ ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಕಂಪ್ಯೂಟರನ್ನು ಹಿಡಿದು, ಅಲ್ಲಿಂದ ಪಿಎಲ್‌ಸಿಗೆ ಇಳಿಯುವುದು ಅದರ ದಾರಿ. ಆಗ ಅದು ಅತಿ ಹೆಚ್ಚು ಕಂಪ್ಯೂಟರುಗಳಲ್ಲಿ ಸಿಕ್ಕ ದೇಶಗಳ ಪಟ್ಟಿಯಲ್ಲಿ ಇರಾನ್, ಇಂಡೋನೇಷ್ಯಾ ಬಿಟ್ಟರೆ ನಮ್ಮದೇ ಹೆಸರು. ನಮ್ಮ ಯಂತ್ರಗಳಿಗೆ ಅದು ಏನೂ ಮಾಡಲಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಬೇರೆಯೇ ಇತ್ತು. ದಾರಿ ಮಾತ್ರ ಹಾಗೇ ಇದೆ. ಬೆಳಿಗ್ಗೆ ಭದ್ರಾವತಿಯಲ್ಲಿ ಒಂದು ಕಾರ್ಖಾನೆ, ಮಧ್ಯಾಹ್ನ ರಿಪ್ಪನ್‌ಪೇಟೆಯಲ್ಲಿ ಒಂದು ಗಿರಣಿ, ಸಂಜೆ ಕೋಣಂದೂರಿನಲ್ಲಿ ಇನ್ನೊಂದು ಎಂದು ಓಡಾಡುವ ನಮ್ಮಂಥವರ ಲ್ಯಾಪ್‌ಟಾಪಿನಲ್ಲಿ ಕಳ್ಳ ಸಾಫ್ಟ್‌ವೇರ್ ಇದೆಯೋ, ಯಾವ ಕಾಯಿಲೆ ಹೊತ್ತು ತಂದಿದೆಯೋ ಕೇಳುವ ಹಕ್ಕು ನಿಮಗಿದೆ. ನನ್ನನ್ನೂ ಕೇಳಿ, ಬೇಜಾರಿಲ್ಲ.

ಇನ್ನು ಕೆಲಸ ಹೇಗೆ ನಡೆಯಬೇಕು ಎಂಬುದು. ಎಸ್7-1200ನ್ನೇ ತೆಗೆದುಕೊಳ್ಳುತ್ತೇನೆ. ತಯಾರಕರ ಸ್ವಂತ ತಾಣದಲ್ಲಿ ಹೆಸರು ನೋಂದಾಯಿಸಿ, ನಿಮ್ಮ ಸಿಪಿಯುವಿನ ಪೂರ್ತಿ ಸಂಖ್ಯೆಗೆ ಸರಿಹೊಂದುವ ಫೈಲನ್ನೇ ಇಳಿಸಿಕೊಳ್ಳಬೇಕು. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಬೇಡ. ಫೈಲ್ ಹೋಗುವುದು ಸೀಮೆನ್ಸಿನದೇ ಮೆಮೊರಿ ಕಾರ್ಡಿಗೆ, ಮೊಬೈಲಿನ ಕಾರ್ಡಿಗಲ್ಲ. ಆ ಕಾರ್ಡನ್ನು ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಕಾರ್ಡೇ ಕೆಟ್ಟಿತು. ಸಿಪಿಯು ಸ್ಟಾಪಿಗೆ ಹಾಕಿ, ಮೇಲಿನ ಮುಚ್ಚಳ ಎತ್ತಿ ಕಾರ್ಡು ಸೇರಿಸಿ, ಪವರ್ ಆಫ್ ಮಾಡಿ ಆನ್ ಮಾಡಿದಾಗ ಬರವಣಿಗೆ ಶುರು. 'ರನ್/ಸ್ಟಾಪ್' ದೀಪ ಹಸಿರು, ಹಳದಿ ಎಂದು ಬದಲಾಗುತ್ತ ಮಿನುಗುತ್ತಿರುತ್ತದೆ. ಅದು ಹಳದಿಯಲ್ಲಿ ನಿಂತು ಪಕ್ಕದ 'ಮೇಂಟ್' ದೀಪ ಮಿನುಗತೊಡಗಿದರೆ ಮುಗಿಯಿತು. ಕಾರ್ಡು ತೆಗೆದು ಇನ್ನೊಮ್ಮೆ ಪವರ್ ಆಫ್, ಆನ್. ಕೆಲವೊಮ್ಮೆ ಇಷ್ಟಾದ ಮೇಲೂ ಸಿಪಿಯು ಸ್ಟಾಪಿನಲ್ಲೇ ಕೂತಿರುತ್ತದೆ. ಗಾಬರಿ ಬೇಡ, ಪವರ್ ಹೋಗುವ ಮುಂಚೆ ಇದ್ದ ಸ್ಥಿತಿಗೇ ಮರಳು ಎಂದು ಮೊದಲೇ ಹೇಳಿಟ್ಟಿದ್ದರೆ ಅದು ಹಾಗೇ ಮಾಡುತ್ತದೆ.

ಕೇಳಲು ಹತ್ತು ನಿಮಿಷದ ಕೆಲಸ. ಆ ದೀಪ ಮಿನುಗುತ್ತಿರುವ ನಿಮಿಷಗಳಲ್ಲಿ ಕರೆಂಟು ಹೋದರೆ? ಮೆಸ್ಕಾಂನವರನ್ನು ಬೈದು ಪ್ರಯೋಜನವಿಲ್ಲ; ಮಳೆಗಾಲದ ಮಲೆನಾಡಿನಲ್ಲಿ ಎಲ್ಲಿ ಯಾವ ಮರ ಯಾವ ಲೈನಿನ ಮೇಲೆ ಬಿದ್ದಿದೆಯೋ ಲೈನ್‌ಮನ್ನಿಗೂ ನಡೆದು ಹೋದ ಮೇಲೇ ಗೊತ್ತಾಗುವುದು. ಅರ್ಧ ಬರೆದ ಫರ್ಮ್‌ವೇರಿನ ಸಿಪಿಯು ಮತ್ತೆ ಏಳದೇ ಹೋಗಬಹುದು. ಹಾಗಾಗಿ ಯುಪಿಎಸ್ ಇಲ್ಲದೆ ಯಾರಿಗೂ ಅಪ್‌ಡೇಟ್ ಮಾಡಲು ಬಿಡಬೇಡಿ. ಆಫೀಸಿನ ಕಂಪ್ಯೂಟರಿಗೆ ಇಟ್ಟ ಸಣ್ಣ ಯುಪಿಎಸ್ಸನ್ನೇ ತಂದು ಪಿಎಲ್‌ಸಿಯ ಸಪ್ಲೈಗೆ ಕೊಟ್ಟರೆ ಸಾಕು, ಮೋಟಾರುಗಳಿಗೆ ಬೇಡ. ಅದರ ಬ್ಯಾಟರಿ ಜೀವಂತವಿದೆಯೇ ಎಂದು ಮೊದಲೊಮ್ಮೆ ಪ್ಲಗ್ ಕಿತ್ತು ನೋಡಿ.

ಯಂತ್ರ ತಣ್ಣಗಿರಬೇಕು, ಇದು ಇನ್ನೂ ಮುಖ್ಯ. ಫರ್ಮ್‌ವೇರ್ ಬರೆಯುವಾಗ ಪಿಎಲ್‌ಸಿ ಏನನ್ನೂ ನಡೆಸುವುದಿಲ್ಲ. ಔಟ್‌ಪುಟ್ಟುಗಳು ಬೀಳುತ್ತವೆ, ಬ್ಲೋವರ್ ನಿಲ್ಲುತ್ತದೆ. ಆದರೆ ಅಡಿಕೆ ಡ್ರೈಯರಿನ ಒಲೆಯೊಳಗಿನ ಸೌದೆ ಉರಿಯುತ್ತಲೇ ಇರುತ್ತದೆ, ಕುಸುಬಲಕ್ಕಿ ಬಾಯ್ಲರಿನ ಉಗಿ ಏರುತ್ತಲೇ ಇರುತ್ತದೆ. ಬೆಂಕಿ ಆರಿಸಿ, ಉಗಿ ಬಿಟ್ಟು, ಕಂಪ್ರೆಸರ್ ನಿಲ್ಲಿಸಿ ಟ್ಯಾಂಕಿನ ಗಾಳಿ ಪೂರ್ತಿ ಖಾಲಿ ಮಾಡಿದ ಮೇಲೇ ಕೆಲಸ. ಗಾಳಿ ಉಳಿದಿದ್ದರೆ ಪವರ್ ಬಂದ ಕೂಡಲೇ ಸಿಲಿಂಡರ್ ಜಗ್ಗಬಹುದು, ಅದರ ಬಾಯಿಗೆ ಯಾರ ಕೈಯಾದರೂ ಸಿಕ್ಕಬಹುದು. ಮೋಟಾರು ಸಾಲಿನ ಎಂಸಿಬಿ ಇಳಿಸಿ, ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನ ಜೇಬಿಗೆ ಕೊಡಿ.

ಮುಗಿದ ಮೇಲೆ ಕಾಫಿ ಕುಡಿಸಿ ಕಳಿಸಿಬಿಡಬೇಡಿ. ಎಮರ್ಜೆನ್ಸಿ ಬಟನ್ ಪ್ರತಿಯೊಂದನ್ನೂ ನಿಮ್ಮ ಕೈಯಾರೆ ಒತ್ತಿ ನೋಡಿ. ಡ್ರೈಯರಿನ ಉಷ್ಣತೆ ಸ್ಕ್ರೀನಿನಲ್ಲಿ ತೋರಿಸಿದ್ದಕ್ಕೂ ಥರ್ಮಾಮೀಟರಿಗೂ ತಾಳೆಯಾಗುತ್ತದೆಯೇ ನೋಡಿ. ಖಾಲಿ ಓಡಿಸಿ, ಆಮೇಲೆ ಸರಕು ಹಾಕಿ ಓಡಿಸಿ. ನಿಮ್ಮ ಪಿಎಲ್‌ಸಿಯಲ್ಲಿ ರನ್/ಪ್ರೋಗ್ರಾಂ ಕೀಲಿ ಇದ್ದರೆ ಅದನ್ನು ರನ್ನಿಗೆ ತಿರುಗಿಸಿ ಕಿತ್ತುಕೊಳ್ಳಿ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರ ಸುರಕ್ಷತಾ ಕಂಟ್ರೋಲರಿಗೆ ಟ್ರೈಟನ್ ಎಂಬ ದುಷ್ಟ ತಂತ್ರಾಂಶ ಇಳಿದದ್ದು ಅಂಥದೇ ಕೀಲಿಯನ್ನು ಪ್ರೋಗ್ರಾಂ ಕಡೆಗೇ ಬಿಟ್ಟಿದ್ದರಿಂದ.

ಮ್ಯಾನುಯಲ್ ಸ್ವಿಚ್ಚಿನ ಬಗ್ಗೆ ನನಗೊಂದು ಹಟವಿದೆ. ಈಚಿನ ಪ್ಯಾನಲ್ಲುಗಳಲ್ಲಿ ಆಟೋ/ಮ್ಯಾನುಯಲ್ ತಿರುಗಿಸುವ ಗುಬಟೇ ಇಲ್ಲ, ಎಲ್ಲ ಟಚ್ ಸ್ಕ್ರೀನಿನ ಒಳಗೆ. ನೋಡಲು ಚಂದ. ಆದರೆ ಕೈಯಿಂದ ನಡೆಸುವ ದಾರಿ ಏಕೆ ಬೇಕು ಎಂಬುದಕ್ಕೆ ಇದನ್ನು ಕೇಳಿ. 2015ರ ಡಿಸೆಂಬರಿನಲ್ಲಿ ಉಕ್ರೇನಿನ ವಿದ್ಯುತ್ ಕಂಪನಿಗಳ ಮೇಲೆ ದಾಳಿಯಾದಾಗ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ದಾಳಿಕೋರರು ಬ್ರೇಕರ್ ತೆಗೆದು ಸುಮ್ಮನಾಗಲಿಲ್ಲ. ಸಬ್‌ಸ್ಟೇಷನ್ನಿಗೆ ಸಂದೇಶ ಮುಟ್ಟಿಸುವ ಉಪಕರಣಗಳ ಒಳಗೆ ಕೆಟ್ಟ ಫರ್ಮ್‌ವೇರ್ ಬರೆದು ಅವನ್ನು ಶಾಶ್ವತವಾಗಿ ಸಾಯಿಸಿದರು, ದೂರದಿಂದ ಮತ್ತೆ ಹಾಕಲು ಬರದ ಹಾಗೆ. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟು ಬಂತು. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನುಗಳಿಗೇ ಹೋಗಿ ಬ್ರೇಕರುಗಳನ್ನು ಕೈಯಿಂದ ಹಾಕಿದರು. ಅಲ್ಲಿ ಕೈಯಿಂದ ಹಾಕುವ ವ್ಯವಸ್ಥೆಯೂ ಇತ್ತು, ಹಾಕಲು ಗೊತ್ತಿದ್ದವರೂ ಇದ್ದರು. ನಿಮ್ಮ ಮುಂದಿನ ಪ್ಯಾನಲ್ಲಿಗೆ ಆರ್ಡರ್ ಕೊಡುವಾಗ ಮುಖ್ಯ ಮೋಟಾರುಗಳಿಗೆ ಗುಬಟಿನ ಸ್ವಿಚ್ಚು ಬೇಕೇ ಬೇಕು ಎಂದು ಬರೆಸಿ. "ಓಲ್ಡ್ ಫ್ಯಾಷನ್ ಸರ್" ಎಂದಾರು, ಅನ್ನಲಿ.

ಇನ್ನು ಯಾವ ತಿಂಗಳು ಎಂಬುದು. ಜೂನ್‌ನಿಂದ ಆಗಸ್ಟ್ ತನಕ ಯಂತ್ರ ಖಾಲಿ ಇರುತ್ತದೆ ನಿಜ, ಕರೆಂಟೂ ಖಾಲಿ. ಕೊನೆಕೊಯ್ಲು ಶುರುವಾದ ಮೇಲೆ ನಿಮಗೆ ಉಸಿರಾಡಲು ಪುರುಸೊತ್ತಿಲ್ಲ. ನಡುವೆ ಸಿಗುವುದು ಚೌತಿ ಕಳೆದು ನವರಾತ್ರಿ ಬರುವವರೆಗಿನ ವಾರಗಳು. ಬ್ಯಾಕಪ್ಪಿಗಂತೂ ಆಯುಧಪೂಜೆಯ ಹಿಂದಿನ ದಿನವನ್ನೇ ಗೊತ್ತು ಮಾಡಿಕೊಳ್ಳಿ. ಹೇಗೂ ಅವತ್ತು ಯಂತ್ರ ನಿಲ್ಲಿಸಿ ತೊಳೆಯುತ್ತೀರಿ. (ಪ್ಯಾನಲ್ಲಿಗೆ ಪೈಪು ಹಿಡಿಯಬೇಡಿ. ಅರಿಶಿನ ಕುಂಕುಮ ಬಾಗಿಲಿನ ಹೊರಮೈಗೆ ಹಚ್ಚಿ, ಫ್ಯಾನಿನ ಜಾಲರಿಗೆ ಬೇಡ. ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಜಾಲರಿಯಿಂದ ಕುಂಕುಮ ಕೊಡವುತ್ತೇನೆ.)

ಬ್ಯಾಕಪ್ ಎಂದರೆ ಪಿಎಲ್‌ಸಿಯಿಂದ ಎಳೆದುಕೊಂಡದ್ದು ಮಾತ್ರ ಸಾಲದು. ಹಳೆಯ ಎಫ್‌ಎಕ್ಸ್‌ನಂಥ ಮಾದರಿಗಳಿಂದ ಎಳೆದ ಲ್ಯಾಡರಿನಲ್ಲಿ ಸಾಮಾನ್ಯವಾಗಿ ಟಿಪ್ಪಣಿಗಳಿರುವುದಿಲ್ಲ. ಎಕ್ಸ್3, ವೈ5, ಎಂ100 ಎಂಬ ಸಂಖ್ಯೆಗಳ ಕಾಡು. ಎಕ್ಸ್3 ಬಾಗಿಲಿನ ಲಿಮಿಟ್ ಸ್ವಿಚ್ಚೋ ಎಣ್ಣೆ ಮಟ್ಟದ ಸೆನ್ಸರೋ ಎಂದು ವೈರ್ ಹಿಡಿದುಕೊಂಡೇ ಹುಡುಕಬೇಕು. ಆದ್ದರಿಂದ ಟಿಪ್ಪಣಿ ಸಮೇತ ಮೂಲ ಪ್ರಾಜೆಕ್ಟ್ ಫೈಲು, ಟಚ್ ಸ್ಕ್ರೀನಿನ ಫೈಲು ಬೇರೆ, ಡ್ರೈವ್‌ಗಳ ಪ್ಯಾರಾಮೀಟರ್ ಪಟ್ಟಿ ಬೇರೆ, ವೈರಿಂಗ್ ನಕ್ಷೆ, ಪಾಸ್‌ವರ್ಡ್, ಯಾವ ಸಾಫ್ಟ್‌ವೇರಿನ ಎಷ್ಟನೇ ಆವೃತ್ತಿಯಲ್ಲಿ ತೆರೆಯುತ್ತದೆ ಎಂಬ ಚೀಟಿ, ಇಷ್ಟೂ ಎರಡು ಪೆನ್‌ಡ್ರೈವಿನಲ್ಲಿ ಬೇಕು. ಒಂದು ಗಿರಣಿಯಲ್ಲಿ, ಒಂದು ಮನೆಯಲ್ಲಿ. ಕೊಡಲು ಒಪ್ಪದ ಮಾರಾಟಗಾರರಿಗೆ ಕೊನೆಯ ಕಂತಿನ ಹಣ ಕೊಡಬೇಡಿ. ಹಳೆಯ ಯಂತ್ರಗಳವರಿಗೆ ಈ ಅಸ್ತ್ರವಿಲ್ಲ. ಅವರು ಮುಂದಿನ ಎಎಂಸಿಗೆ (ವಾರ್ಷಿಕ ನಿರ್ವಹಣೆಯ ಕರಾರಿಗೆ) ಸಹಿ ಹಾಕುವ ಮುಂಚೆ ಕೇಳಬೇಕು. ಇದು ಅವರ ವಿದ್ಯೆಯನ್ನು ಕದಿಯುವ ಮಾತಲ್ಲ. ಫೈಲನ್ನು ಇನ್ನೊಬ್ಬರಿಗೆ ಮಾರುವುದಿಲ್ಲ ಎಂದು ಬೇಕಾದರೆ ಛಾಪಾಕಾಗದದ ಮೇಲೆ ಬರೆದುಕೊಡಿ.

ಒಂದು ಸಲಹೆ ಇಟ್ಟು ಮುಗಿಸುತ್ತೇನೆ. ಮೂರು ತಾಲ್ಲೂಕಿನ ಘಟಕಗಳಲ್ಲಿ ನಾನು ಕಾಣುವ ಪಿಎಲ್‌ಸಿ ಮಾದರಿಗಳು ಬಹಳವಿಲ್ಲ. ಒಬ್ಬೊಬ್ಬರೂ ಸ್ಪೇರ್ ಸಿಪಿಯು ಇಟ್ಟುಕೊಳ್ಳುವುದು ದುಬಾರಿ, ಹತ್ತು ಜನ ಸೇರಿ ಮಾದರಿಗೊಂದರಂತೆ ಇಟ್ಟರೆ ಅಷ್ಟೇನೂ ಅಲ್ಲ. ಅಡಿಕೆ ಮಾರಲು ಸಹಕಾರ ಸಂಘ ಕಟ್ಟಿಕೊಂಡ ಸೀಮೆ ನಮ್ಮದು, ಸಿಡಿಲಿಗೆ ಸುಟ್ಟ ಸಿಪಿಯುವಿಗೂ ಒಂದು ಕಪಾಟು ಮಾಡಿಕೊಳ್ಳಲು ಏನಡ್ಡಿ? ಅದಕ್ಕೆ ಮೊದಲು ಯಾರಲ್ಲಿ ಯಾವ ಮಾದರಿ, ಯಾವ ಆವೃತ್ತಿ ಎಂಬ ಪಟ್ಟಿ ಆಗಬೇಕು. ಚೌತಿ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ನಿಮ್ಮ ನಿಮ್ಮ ಪ್ಯಾನಲ್ಲಿನ ಫೋಟೊ ಹಿಡಿದುಕೊಂಡು ಬನ್ನಿ. ಸಾಗರಕ್ಕೆ ಬರುವುದು ತೀರ್ಥಹಳ್ಳಿಯವರಿಗೆ ದೂರ, ತೀರ್ಥಹಳ್ಳಿಗೆ ಹೋಗುವುದು ಸಾಗರದವರಿಗೆ ದೂರ; ರಿಪ್ಪನ್‌ಪೇಟೆಯಲ್ಲಿ ಸೇರೋಣ. ಜಾಗ ಮತ್ತು ಹೊತ್ತನ್ನು ಅಲ್ಲಿಯ ಗಿರಣಿಯವರು ತಿಳಿಸುತ್ತಾರೆ. ವೈರ್‌ಮನ್‌ಗಳನ್ನೂ ಕರೆತನ್ನಿ, ಅವರಿಗೆ ಆ ದಿನದ ಸಂಬಳ ಕೊಟ್ಟೇ ಕರೆತನ್ನಿ.

ಇಂತಿ ನಿಮ್ಮವ,
ಸಾಗರದ ಒಬ್ಬ ಪ್ಯಾನಲ್ ಮೆಕ್ಯಾನಿಕ್